ಪಟ್ಟಿಯಲ್ಲಿಲ್ಲದ ನಾಲ್ಕು ಬಾಗಿಲಿನ ಕಾರು

ಸಂಗ್ರಹಾಲಯದವರು ಕೊಟ್ಟಿದ್ದ ತಪಾಸಣಾ ನಮೂನೆಯ ಕೊನೆಯ ಪುಟದಲ್ಲಿ ಮೂರು ಚೌಕಗಳಿದ್ದವು: ಮೂಲ ಸ್ಥಿತಿ, ಬದಲಾಯಿಸಿದ್ದು, ಅನಿರ್ಧರಿತ. ಕಳೆದ ಜುಲೈ ತಿಂಗಳಲ್ಲಿ, ಷಿಕಾಗೋ ಬಳಿಯ ಲೊಂಬಾರ್ಡಿನ ಒಂದು ಗರಾಜಿನಲ್ಲಿ ನಿಂತು, ಎರಡನೆಯ ಚೌಕಕ್ಕೆ ಗುರುತು ಹಾಕಿದವಳು ನಾನು. ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ. ಮೂರನೆಯ ಚೌಕ ಇದೆಯೆಂದು ನೆನಪಿಸಿದವರೂ ಇದ್ದರು. ಆ ಗುರುತಿನ ಪರಿಣಾಮವನ್ನು ಅನುಭವಿಸಿದವರು ಇನ್ನೊಬ್ಬರಾದ್ದರಿಂದ, ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿಡುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.

ಡೆಟ್ರಾಯಿಟ್ ಹತ್ತಿರದ ಆಬರ್ನ್ ಹಿಲ್ಸ್‌ನಲ್ಲಿ ನಾನು ಕೆಲಸ ಮಾಡುವ ಗುತ್ತಿಗೆ ಕಚೇರಿ ವಾಹನಗಳ ಬಿಡಿಭಾಗಗಳ ಪಟ್ಟಿಗಳನ್ನು ಸಿದ್ಧಪಡಿಸುತ್ತದೆ. ಯಾವ ವರ್ಷದ ಯಾವ ಕಾರಿಗೆ ಯಾವ ಬಾಗಿಲು, ಯಾವ ಬೋಲ್ಟು ಎಂದು ತಾಳೆ ನೋಡುವುದು ನಮ್ಮ ಕಸುಬು. ಮೇ ತಿಂಗಳಲ್ಲಿ ಡೆಟ್ರಾಯಿಟ್ ಹೊರವಲಯದ ಒಂದು ಚಿಕ್ಕ ವಾಹನ ಸಂಗ್ರಹಾಲಯ ನಮಗೆ ಕೆಲಸವೊಂದನ್ನು ಒಪ್ಪಿಸಿತು. ಈ ಭಾಗದ ಕಾರ್ಖಾನೆಗಳಲ್ಲಿ ತಯಾರಾದ ಸಣ್ಣ ಕಾರುಗಳ ಪ್ರದರ್ಶನವೊಂದನ್ನು ಅವರು ನವೆಂಬರಿನಲ್ಲಿ ತೆರೆಯುವವರಿದ್ದರು. ಅದರಲ್ಲಿ ಒಂದು ಫ್ರೆಂಚ್ ಕುಟುಂಬ ಕಾರಿನ ಪಾಲು ನನಗೆ ಬಂತು. ಅದರ ಎಲ್ಲ ರೂಪಗಳ ಕೋಷ್ಟಕ ತಯಾರಿಸಬೇಕು, ಪ್ರದರ್ಶನಕ್ಕೆ ಯೋಗ್ಯವಾದ ಕಾರುಗಳನ್ನು ಹುಡುಕಿ ಪರೀಕ್ಷಿಸಬೇಕು. ಕಾರಿನ ಹೆಸರನ್ನಾಗಲಿ ಕಂಪನಿಗಳ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಹೇಳಬೇಕಾದ ತಪ್ಪು ಅವರದಲ್ಲ.

ಆ ಕಾರಿನ ಚರಿತ್ರೆ ಚಿಕ್ಕದು. ಎಂಬತ್ತರ ದಶಕದ ಆರಂಭದಲ್ಲಿ ಫ್ರಾನ್ಸಿನಲ್ಲಿ ಅದು ಬರಿಯ ಒಂದು ಅಂಕಿಯ ಹೆಸರಿನಿಂದ ಹುಟ್ಟಿತು. ಪೆಟ್ಟಿಗೆಯಂಥ ಮೈ, ನಾಲ್ಕು ಬಾಗಿಲು, ಗಂಡ ಹೆಂಡತಿ ಇಬ್ಬರು ಮಕ್ಕಳಿಗೆ ಸಾಕಾಗುವ ಜಾಗ. ಸ್ವಲ್ಪ ಸಮಯದ ನಂತರ ಹಿಂಬದಿ ಇಳಿಜಾರಾಗಿ, ಗಾಜಿನ ಸಮೇತ ಮೇಲಕ್ಕೆ ತೆರೆಯುವ ಇನ್ನೊಂದು ರೂಪ ಬೇರೆ ಅಂಕಿಯಲ್ಲಿ ಬಂತು. ಅಷ್ಟರಲ್ಲಿ ಬಸವಳಿದಿದ್ದ ಅಮೆರಿಕದ ಕಂಪನಿಯೊಂದು ಫ್ರೆಂಚರ ಕೈ ಹಿಡಿದು, ಷಿಕಾಗೋದಿಂದ ಉತ್ತರಕ್ಕೆ ವಿಸ್ಕಾನ್ಸಿನ್‌ನ ಸರೋವರದಂಚಿನ ಕಾರ್ಖಾನೆಯಲ್ಲಿ ಅದೇ ಕಾರನ್ನು ಕಟ್ಟತೊಡಗಿತು. ಇಲ್ಲಿಯ ಕಾನೂನಿಗೆ ತಕ್ಕ ಬಂಪರು, ಇಲ್ಲಿಯ ದೀಪಗಳು, ಅಂಕಿಯ ಬದಲು ಒಂದು ಹೆಸರು. ಮುಂದಿನ ಸೀಟುಗಳನ್ನು ನಡುವೆ ಮಾತ್ರ ಆಧಾರವಿರುವಂತೆ ನಿಲ್ಲಿಸಿದ್ದರಿಂದ ಹಿಂದೆ ಕುಳಿತವರು ಅವುಗಳ ಅಡಿಗೆ ಕಾಲು ಚಾಚಬಹುದಿತ್ತು. ಎರಡು ಬಾಗಿಲಿನದು, ನಾಲ್ಕು ಬಾಗಿಲಿನದು, ಇಳಿಜಾರು ಹಿಂಬದಿಯ ಎರಡು ರೂಪಗಳು, ಫ್ರಾನ್ಸಿನವರು ತಾವೇ ಎಂದೂ ತಯಾರಿಸದ ಮಡಚುವ ಛಾವಣಿಯದೊಂದು. ಕೊನೆಗೆ ಎರಡು ಲೀಟರಿನ ದೊಡ್ಡ ಎಂಜಿನ್ ಹೊತ್ತ ವೇಗದ ರೂಪ. ಈ ದೊಡ್ಡ ಎಂಜಿನ್ ಎರಡು ಬಾಗಿಲಿನದಕ್ಕೂ ಮಡಚುವ ಛಾವಣಿಯದಕ್ಕೂ ಮಾತ್ರ ಬಂತು ಎನ್ನುತ್ತದೆ ಕಂಪನಿಯ ಪಟ್ಟಿ. ಆಮೇಲೆ ಡೆಟ್ರಾಯಿಟಿನ ದೊಡ್ಡ ಕಂಪನಿಯೊಂದು ಆ ಬಸವಳಿದ ಕಂಪನಿಯನ್ನು ಕೊಂಡಿತು. ಕಾರು ನಿಂತಿತು, ಬಹಳ ದಿನವಾಗುವ ಮೊದಲೇ ಜೋಡಣೆಯ ಸಾಲೂ ನಿಂತಿತು. ಅದೇ ಕಾರು ಟರ್ಕಿಯಲ್ಲಿ ಶತಮಾನದ ಕೊನೆಯವರೆಗೂ ತಯಾರಾಗುತ್ತಿತ್ತು. ಕೊಲಂಬಿಯಾದ ಬೀದಿಗಳಲ್ಲಿ ಇಂದಿಗೂ ಓಡುತ್ತಿದೆಯಂತೆ. ಇಲ್ಲಿ ಮಾತ್ರ ಅದು ಒಂದು ಹಾಸ್ಯದ ಮಾತಾಗಿ ಉಳಿಯಿತು.

ಈ ಹಾಸ್ಯವನ್ನು ನಾನು ಸಹಿಸಲಿಲ್ಲ. ಪ್ರದರ್ಶನದ ಫಲಕಗಳ ಕರಡಿನಲ್ಲಿ ಕಾರಿನ ತುಕ್ಕಿನ ಬಗ್ಗೆ ಮೂರು ವಾಕ್ಯಗಳಿದ್ದವು, ಕೆಲಸ ಕಳೆದುಕೊಂಡವರ ಬಗ್ಗೆ ಒಂದೂ ಇರಲಿಲ್ಲ. ನಾನು ಓದಿದ ಮೈಸೂರಿನ ಶಾಲೆಯಲ್ಲಿ ಪರೀಕ್ಷೆಗಳಿರಲಿಲ್ಲ, ಸಮವಸ್ತ್ರವಿರಲಿಲ್ಲ. ಪ್ರತಿ ಶುಕ್ರವಾರ ಮಕ್ಕಳು ದುಂಡಗೆ ಕುಳಿತು, ಆ ವಾರ ಕಂಡ ಅನ್ಯಾಯವೊಂದನ್ನು ಹೆಸರಿಟ್ಟು ಹೇಳಬೇಕಿತ್ತು. "ನನಗೆ ಗೊತ್ತಿಲ್ಲ" ಎಂದವರನ್ನು ಮೇಷ್ಟ್ರು ಬೈಯುತ್ತಿರಲಿಲ್ಲ, ಆದರೆ ಮುಂದಿನ ವಾರ ಎರಡು ಅನ್ಯಾಯ ತರಲು ಹೇಳುತ್ತಿದ್ದರು. ಆ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ಸಂಗ್ರಹಾಲಯದ ಮೇಲ್ವಿಚಾರಕಿಗೆ ನಾಲ್ಕು ಪತ್ರ ಬರೆದೆ. ಕಾರ್ಮಿಕರ ಕುರಿತ ಫಲಕ ಬಂತು. ಸ್ವಯಂಸೇವಕರಾಗಿ ದುಡಿಯುವ ನಿವೃತ್ತರಿಗೆ ಕೂರಲು ಕುರ್ಚಿಗಳೂ ಬಂದವು. ಇವೆರಡೂ ಸರಿಯಾದ ಕೆಲಸಗಳೆಂದೇ ಈಗಲೂ ನಂಬಿದ್ದೇನೆ.

ಕೋಷ್ಟಕದಲ್ಲಿ ಪ್ರತಿ ರೂಪಕ್ಕೂ ಒಂದು ಸಾಲು. ಬಾಗಿಲು, ಎಂಜಿನ್, ಗೇರುಪೆಟ್ಟಿಗೆ, ಗುರುತಿನ ತಗಡಿನ ಮೇಲಿನ ಅಕ್ಷರ, ಉಳಿದಿರುವ ಕಾರುಗಳು, ಕೊನೆಯಲ್ಲಿ "ನಷ್ಟದ ಕಾರಣ" ಎಂಬ ಅಂಕಣ. ಕಾರು ಸಾಕುವ ಹವ್ಯಾಸಿಗಳಿಂದ ಬಂದ ವಿವರಗಳನ್ನು ಅಲ್ಲಿ ತುಂಬುತ್ತಿದ್ದೆ: ತುಕ್ಕು, ಅಪಘಾತ, ಟೈಮಿಂಗ್ ಬೆಲ್ಟ್ ಹರಿದು ಎಂಜಿನ್ ನಾಶ, ಮತ್ತೆ ತುಕ್ಕು. ಮಡಚುವ ಛಾವಣಿಯವು ಸುಲಭವಾಗಿ ಸಿಕ್ಕವು. ಜನ ಅವನ್ನು ಮುದ್ದಿನಿಂದ ಉಳಿಸಿಕೊಂಡಿದ್ದರು. ಸಿಗದೆ ಹೋದದ್ದು ಸಾಮಾನ್ಯ ನಾಲ್ಕು ಬಾಗಿಲಿನದು. ಮಕ್ಕಳನ್ನು ಶಾಲೆಗೆ ಬಿಟ್ಟು, ದಿನಸಿ ತಂದು, ಉಪ್ಪು ಚೆಲ್ಲಿದ ಚಳಿಗಾಲದ ರಸ್ತೆಗಳಲ್ಲಿ ಸವೆದು ಹೋದ ಕಾರನ್ನು ಯಾರೂ ಕಾಪಾಡಿರಲಿಲ್ಲ.

ಜೂನ್ ಮೊದಲ ವಾರ, ಷಿಕಾಗೋ ಕಡೆಯ ಕನ್ನಡಿಗರ ವಾಟ್ಸಪ್ ಗುಂಪಿನಲ್ಲಿ ಒಂದು ವಿನಂತಿ ಹಾಕಿದೆ. ಮರುದಿನವೇ ಫೋನ್ ಬಂತು. ದನಿ ಧಾರವಾಡದ್ದು.

"ನಿನಗ ಆ ಫ್ರೆಂಚ್ ಗಾಡಿ ಬೇಕೇನವಾ? ನಮ್ಮ ಗರಾಜಿನ್ಯಾಗ ಅದ. ನಾನ ಕಟ್ಟಿದ ಗಾಡಿ. ಲಗೂ ಬಾ. ಆಗಸ್ಟಿನ್ಯಾಗ ಮನಿ ಮಾರಲಿಕ್ಕತ್ತೇವಿ."

ಅವರು ಆ ಸರೋವರದಂಚಿನ ಕಾರ್ಖಾನೆಯಲ್ಲಿ, ಜೋಡಣೆಯ ಸಾಲಿನ ತುದಿಯಲ್ಲಿ, ಗುಣಮಟ್ಟ ಪರೀಕ್ಷಕರಾಗಿದ್ದವರು. ಈಗ ಎಪ್ಪತ್ತು ದಾಟಿದ್ದಾರೆ. ಹೆಂಡತಿಯೊಡನೆ ಡೌನರ್ಸ್ ಗ್ರೋವ್‌ನ ಮಗಳ ಮನೆಗೆ ಹೋಗುವವರಿದ್ದರು. ಆ ಮನೆಯ ಗರಾಜಿನಲ್ಲಿ ಮೂರನೆಯ ಕಾರಿಗೆ ಜಾಗವಿಲ್ಲ, ಓಡದ ಕಾರನ್ನು ಹೊರಗೆ ನಿಲ್ಲಿಸಲು ಬಡಾವಣೆಯ ಸಂಘದ ನಿಯಮ ಬಿಡುವುದಿಲ್ಲ. ಆ ನಿಯಮವೂ ಒಂದು ಅನ್ಯಾಯವೇ; ಅದನ್ನೂ ಬರೆದುಕೊಂಡಿದ್ದೆ. ಸಂಗ್ರಹಾಲಯ ಕಾರನ್ನು ತೆಗೆದುಕೊಳ್ಳಬೇಕು, ಇಲ್ಲವೇ ಅದು ಗುಜರಿಗೆ ಹೋಗಬೇಕು. ಬೇರೆ ದಾರಿ ಇರಲಿಲ್ಲ.

ಆಬರ್ನ್ ಹಿಲ್ಸ್‌ನಿಂದ ಅವರ ಮನೆಯಿದ್ದ ಲೊಂಬಾರ್ಡಿಗೆ ಹತ್ತಿರ ಹತ್ತಿರ ಮುನ್ನೂರು ಮೈಲಿ. ಮೊದಲ ಭೇಟಿಯ ದಿನ ಬಾಗಿಲು ತೆರೆದವರು ಆಂಟಿ.

"ಅಷ್ಟ ದೂರದಿಂದ ಒಬ್ಬಾಕಿನ ಡ್ರೈವ್ ಮಾಡ್ಕೊಂಡ ಬಂದ್ಯೇನ? ಮೊದಲ ಕೈಕಾಲ ತೊಳಕೋ. ಅವಲಕ್ಕಿ ಹಚ್ಚೇನಿ."

"ಆಂಟಿ, ಮೊದಲು ಕಾರು ನೋಡಿಬಿಡ್ತೀನಿ. ಬೆಳಕು ಚೆನ್ನಾಗಿದೆ."

"ಗಾಡಿ ಎಲ್ಲಿ ಓಡಿ ಹೋಗತದ? ಅದಕ್ಕ ಬ್ಯಾಟರಿನ ಇಲ್ಲ."

ಅಂಕಲ್ ನಕ್ಕರು. ನಾನು ಅವಲಕ್ಕಿ ತಿಂದೆ. ತಟ್ಟೆ ಒಯ್ಯುವಾಗ ಆಂಟಿ ದೇವರ ಕೋಣೆಯ ಕಡೆ ಕೈ ತೋರಿಸಿ, ಕುಂಕುಮ ಹಚ್ಚಿಕೊಂಡು ಹೋಗು ಎಂದರು. ನನಗೆ ಅದರಲ್ಲಿ ನಂಬಿಕೆಯಿಲ್ಲ ಆಂಟಿ, ಎಂದೆ. ವಿನಯದಿಂದಲೇ ಹೇಳಿದೆ. ಹೊಸ್ತಿಲ ಒಳಗೆ ಕಾಲಿಡಲಿಲ್ಲ.

ಕಾರು ತಿಳಿ ನೀಲಿ ಬಣ್ಣದ್ದು. ತುಕ್ಕು ಬಾಗಿಲುಗಳ ಅಂಚಿನಲ್ಲಷ್ಟೇ ಇತ್ತು. ಅಂಕಲ್ ಬಾನೆಟ್ ಎತ್ತಿ, ಊರುಗೋಲಿನ ಸರಳನ್ನು ಸಿಕ್ಕಿಸಿ, ಪಕ್ಕಕ್ಕೆ ಸರಿದು ನಿಂತರು. ತಮ್ಮ ಮನೆಯನ್ನು ತೋರಿಸುವವರು ಹಾಗೆ ನಿಲ್ಲುತ್ತಾರೆ. ಒಳಗಿದ್ದದ್ದು ಎರಡು ಲೀಟರಿನ ಎಂಜಿನ್.

"ಅಂಕಲ್, ನಾಲ್ಕು ಬಾಗಿಲಿಗೆ ಈ ಎಂಜಿನ್ ಬರಲೇ ಇಲ್ವಲ್ಲ. ಕ್ಯಾಟಲಾಗ್‌ನಲ್ಲಿ ಇಲ್ಲ."

"ಕ್ಯಾಟಲಾಗ್ ಬರದಾಂವ ಆಫೀಸಿನ್ಯಾಗ ಕುಂತಿದ್ದ. ಗಾಡಿ ಕಟ್ಟಿದಾವ್ರು ನಾವು."

ಅವರು ಹೇಳಿದ್ದು ಹೀಗೆ. ಕಾರಿನ ತಯಾರಿಕೆ ನಿಲ್ಲುವ ಕೊನೆಯ ದಿನಗಳಲ್ಲಿ ಸಾಮಾನ್ಯ ಎಂಜಿನ್ನುಗಳು ಮುಗಿದವು. ವೇಗದ ರೂಪಕ್ಕೆಂದು ತರಿಸಿದ್ದವು ಒಂದಷ್ಟು ಉಳಿದಿದ್ದವು. ಎರಡೂ ಒಂದೇ ವಂಶದವು. ಒಂದೇ ಜಾಗದಲ್ಲಿ ಕೂರುತ್ತವೆ. ನಾಲ್ಕು ಬಾಗಿಲಿನ ಕೆಲವು ಮೈಗಳು ಸಾಲಿನ ಮೇಲೆ ಕಾಯುತ್ತಿದ್ದವು, ಅವುಗಳ ಗುರುತಿನ ತಗಡುಗಳ ಮೇಲೆ ಸಾಮಾನ್ಯ ಎಂಜಿನ್ನಿನ ಅಕ್ಷರವನ್ನು ಮೊದಲೇ ಒತ್ತಿಯಾಗಿತ್ತು. ಮೇಸ್ತ್ರಿ ಪರೀಕ್ಷಕರನ್ನು ಕರೆದು ಕೇಳಿದ. ಅಂಕಲ್ ಒಪ್ಪಿದರು. ಕಾರಿನ ಜೊತೆಗೆ ಸಾಲಿನುದ್ದಕ್ಕೂ ಸಾಗುವ ಹಾಳೆಯಲ್ಲಿ ಎಂಜಿನ್ನಿನ ಸಂಕೇತವನ್ನು ಹೊಡೆದುಹಾಕಿ, ಹೊಸದನ್ನು ಬರೆದು, ಇಬ್ಬರೂ ಗುರುತು ಹಾಕಿದರು. ಹಾಗೆ ಹೊರಬಿದ್ದ ಕಾರುಗಳಲ್ಲಿ ಒಂದನ್ನು ಅವರೇ ಕೊಂಡರು.

"ನಂದು ಶಿಕ್ಕಾ ನಂಬರ್ ನಲವತ್ತೊಂದು," ಎಂದು ತಮ್ಮ ಮುದ್ರೆಯ ಸಂಖ್ಯೆ ಕೊರೆದಿದ್ದ, ಬೀಗದ ಕೈ ಗೊಂಚಲಿನ ಹಿತ್ತಾಳೆಯ ಬಿಲ್ಲೆ ತೋರಿಸಿದರು. "ಆ ಹಾಳಿ ಹಿಂದಿನ ಸೀಟಿನ ಕೆಳಗ ಇರತದ. ಸೀಟು ಕೂಡಸಾಂವ ಸ್ಪ್ರಿಂಗಿನ್ಯಾಗ ಸಿಗಿಸಿ ಬಿಡತಿದ್ದ. ಅದು ನಮ್ಮ ಪದ್ಧತಿ."

ಕೆಲವು ಕಾರ್ಖಾನೆಗಳಲ್ಲಿ ಈ ಪದ್ಧತಿ ಇದ್ದದ್ದು ನಿಜ. ಅಂಥ ಹಾಳೆಗಳನ್ನು ನಾನು ಬೇರೆ ಕಾರುಗಳಲ್ಲಿ ನೋಡಿದ್ದೆ. ಸಂಗ್ರಹಾಲಯದ ನಿಯಮ ಮೂರು ಸಾಕ್ಷಿ ಕೇಳುತ್ತಿತ್ತು: ಗುರುತಿನ ತಗಡು, ಕಂಪನಿಯ ಪಟ್ಟಿ, ಕಾರ್ಖಾನೆಯ ಹಾಳೆ. ತಗಡೂ ಪಟ್ಟಿಯೂ ಅಂಕಲ್‌ಗೆ ವಿರುದ್ಧವಾಗಿದ್ದವು. ಹಾಳೆಯಲ್ಲಿ ಕಾರ್ಖಾನೆಯವರೇ ತಿದ್ದುಪಡಿ ಮಾಡಿದ್ದರೆ ಅದೊಂದೇ ಉಳಿದೆರಡನ್ನೂ ಮೀರುತ್ತಿತ್ತು.

ಎರಡನೆಯ ಭೇಟಿಯಲ್ಲಿ ಎಂಜಿನ್ನನ್ನು ಪರೀಕ್ಷಿಸಿದೆ. ಎರಕದ ಮೇಲಿನ ದಿನಾಂಕ ಅವರ ಮಾತಿಗೆ ಹೊಂದುತ್ತಿತ್ತು. ಆದರೆ ಅದೇ ಕಾಲದ ಎಂಜಿನ್ನನ್ನು ಯಾರಾದರೂ ನಂತರ ತಂದು ಕೂರಿಸಿರಬಹುದಿತ್ತು. ಬ್ರೇಕುಗಳು ವೇಗದ ರೂಪದವಲ್ಲ, ಸಾಮಾನ್ಯ ರೂಪದವು. ಎಂಜಿನ್ನನ್ನು ಹಿಡಿದಿರುವ ಬೋಲ್ಟುಗಳಲ್ಲಿ ನಾಲ್ಕು ಹೊಸವು, ಅವುಗಳ ತಲೆಯ ಮೇಲಿನ ಗುರುತು ಈಚಿನ ಕಾಲದ್ದು.

"ಎಂಜಿನ್ ಕೆಳಗಿನ ರಬ್ಬರ್ ಹರದಿತ್ತವಾ. ನಾನ ಬದಲಿ ಮಾಡೇನಿ, ಬೋಲ್ಟೂ ಹೊಸಾವು ಹಾಕೇನಿ."

"ಎಂಜಿನ್ ಇಳಿಸಿದ್ರಾ ಅಂಕಲ್?"

"ಇಳಸಲಿಲ್ಲ. ಜಾಕ್ ಕೊಟ್ಟ ಎತ್ತಿದ್ದೆ."

ನಾನು ಬರೆದುಕೊಂಡೆ: ಎಂಜಿನ್ ಕಳಚಿದ ಸಾಧ್ಯತೆ. ಅವರ ಉತ್ತರವನ್ನು ಬರೆದುಕೊಳ್ಳಲಿಲ್ಲ. ಮಾಲೀಕರ ಮಾತು ಸಾಕ್ಷಿಯಲ್ಲ ಎಂಬುದು ನಮ್ಮ ಕಸುಬಿನ ನಿಯಮ. ನನಗೆ ಆ ನಿಯಮ ಹಿಡಿಸಿತ್ತು. ಅಧಿಕಾರ, ವಯಸ್ಸು, ಸಂಬಂಧ ಇವು ಯಾವುದಕ್ಕೂ ಬಾಗದ ನಿಯಮ ಎಂದುಕೊಂಡಿದ್ದೆ.

ಜುಲೈನ ಮೂರನೆಯ ಭೇಟಿ ನಿರ್ಣಾಯಕವಾಗಿತ್ತು. ಗರಾಜಿನೊಳಗೆ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ಮನೆಯೊಳಗೆ ಪೆಟ್ಟಿಗೆಗಳು ಕಟ್ಟಿ ನಿಂತಿದ್ದವು. ಅಂಕಲ್ ಒಂದು ಬದಿ, ನಾನೊಂದು ಬದಿ ಹಿಡಿದು ಹಿಂದಿನ ಸೀಟನ್ನು ಮುಂದಕ್ಕೆ ಒತ್ತಿ ಮೇಲಕ್ಕೆ ಎತ್ತಿದೆವು. ಟಾರ್ಚು ಬಿಟ್ಟು ಪ್ರತಿ ಸ್ಪ್ರಿಂಗನ್ನೂ ನೋಡಿದೆ. ಒಂದು ಮುರಿದ ಕ್ರೇಯಾನ್, ಶೇಂಗಾ ಸಿಪ್ಪೆ, ಮಗುವಿನ ಒಂದು ಕಾಲುಚೀಲ. ಹಾಳೆ ಇರಲಿಲ್ಲ. ನೆಲದ ಹಾಸು ಎತ್ತಿದೆ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯ ಹಿಂದೆ ಕೈ ಹಾಕಿದೆ. ಇಂಧನದ ತೊಟ್ಟಿಯ ಮೇಲ್ಭಾಗವನ್ನು ಕನ್ನಡಿಯಿಟ್ಟು ನೋಡಿದೆ.

ಅಂಕಲ್ ಆ ಕಾಲುಚೀಲ ಹಿಡಿದು ನಿಂತಿದ್ದರು. "ಇತ್ತು," ಎಂದರು. "ನಾ ಕಣ್ಣಾರೆ ನೋಡೇನಿ."

ಆಗ ಆಂಟಿ ಗರಾಜಿನ ಬಾಗಿಲಿಗೆ ಬಂದರು. ಕೈಯಲ್ಲಿ ಪಾತ್ರೆ ಸುತ್ತುವ ಹಳೆಯ ಪತ್ರಿಕೆಗಳಿದ್ದವು.

"ಏನ ಹುಡುಕಲಿಕ್ಕತ್ತೀರಿ ಇಬ್ಬರೂ?"

"ನಿನಗ ತಿಳಿಯೂದಲ್ಲ ಬಿಡು," ಎಂದರು ಅಂಕಲ್. "ಚಹಾ ತಾ."

ಆಂಟಿ ನನ್ನ ಕಡೆ ನೋಡಿದರು. ನಾನು, "ಏನಿಲ್ಲ ಆಂಟಿ, ಕಾರಿಗೆ ಸಂಬಂಧಪಟ್ಟದ್ದು," ಎಂದೆ.

ಅವರು ಚಹಾ ತರಲು ಹೋದರು.

ಅಂಕಲ್ ಆಡಿದ ಮಾತು ಸರಿಯಲ್ಲವೆಂದು ಆ ಕ್ಷಣವೇ ನನಗೆ ಹೊಳೆಯಿತು. ಬೇರೆ ದಿನ, ಬೇರೆ ಮನೆಯಲ್ಲಿ ನಾನು ಅದನ್ನು ಹಾಗೆ ಬಿಡುತ್ತಿರಲಿಲ್ಲ. ಹೆಂಗಸರ ದುಡಿಮೆ ದಾಖಲಾಗುವುದಿಲ್ಲ ಎಂದು ಎರಡು ಸಮ್ಮೇಳನಗಳಲ್ಲಿ ಮಾತನಾಡಿದವಳು ನಾನು. ಆ ಮಧ್ಯಾಹ್ನ ಮಾತ್ರ ನನಗೆ ಅವಸರವಿತ್ತು. ಮೇಲಾಗಿ ಅವರಿಗೆ ನಿಜಕ್ಕೂ ತಿಳಿದಿರಲಾರದು ಎಂದು ನಾನೂ ನಂಬಿದ್ದೆ. ಕೊನೆಯ ಈ ವಾಕ್ಯವನ್ನು ಬರೆಯಲು ನನಗೆ ಬಹಳ ದಿನ ಬೇಕಾಯಿತು.

ಚಹಾ ಆರುವ ಮೊದಲೇ ನಮೂನೆ ತುಂಬಿದೆ.

ಸಂಗ್ರಹಾಲಯದ ಮೇಲ್ವಿಚಾರಕಿ ಮರುದಿನ ಫೋನಿನಲ್ಲಿ ಕೇಳಿದರು: ಬದಲಾಯಿಸಿದ್ದು ಎಂಬುದು ಖಚಿತವೇ? ಮೂರನೆಯ ಚೌಕಕ್ಕೆ ಗುರುತು ಹಾಕಿದರೆ ಬರುವ ವಸಂತದವರೆಗೆ ಕಾರನ್ನು ತಮ್ಮ ಶೆಡ್ಡಿನಲ್ಲಿ ಇಟ್ಟುಕೊಳ್ಳಬಹುದು. ಅಷ್ಟರಲ್ಲಿ ಏನಾದರೂ ಸಿಗಬಹುದು, ಎಂದರು. ಕಾರ್ಮಿಕರ ಫಲಕಕ್ಕಾಗಿ ನಾನು ಮಾಡಿದ ಜಗಳದ ನಂತರ ಆಕೆಗೆ ನನ್ನ ಮೇಲೆ ಗೌರವವಿತ್ತು. ನಾನು ಹೇಳಿದೆ: ಎರಡು ಸಾಕ್ಷಿಗಳು ಸ್ಪಷ್ಟವಾಗಿವೆ, ಮೂರನೆಯದು ಇಲ್ಲ. ಅನಿರ್ಧರಿತ ಎಂದು ಬರೆದರೆ ನಮ್ಮ ಸಮುದಾಯದ ಹಿರಿಯರೊಬ್ಬರಿಗೆ ನಾನು ದಾಕ್ಷಿಣ್ಯ ತೋರಿಸಿದಂತಾಗುತ್ತದೆ. ದಾಕ್ಷಿಣ್ಯವೂ ಒಂದು ಬಗೆಯ ಭ್ರಷ್ಟಾಚಾರ.

ವರದಿಯ ಕೊನೆಗೆ ನಮೂನೆ ಕೇಳದ ಒಂದು ವಾಕ್ಯವನ್ನೂ ಸೇರಿಸಿದೆ: "ಮಾಲೀಕರ ಹೇಳಿಕೆಯನ್ನು ದಾಖಲೆಗಳು ಅಲ್ಲಗಳೆಯುತ್ತವೆ."

ಒಬ್ಬರ ಬಗ್ಗೆ ಬರೆದ ತೀರ್ಮಾನವನ್ನು ಅವರು ಮೊದಲು ನಮ್ಮ ಬಾಯಿಂದಲೇ ಕೇಳಬೇಕು ಎಂಬುದು ನನ್ನ ನಿಯಮ. ಅಂಕಲ್‌ಗೆ ಫೋನ್ ಮಾಡಿ, ಪೂರ್ತಿ ಓದಿ, ಕನ್ನಡದಲ್ಲಿ ವಿವರಿಸಿದೆ.

"ಬದಲಾಯಿಸಿದ್ದು ಅಂದ್ರ? ನಾ ಬದಲಾಯಿಸೇನಿ ಅಂತ?"

"ಯಾರು ಅಂತ ಬರೆದಿಲ್ಲ ಅಂಕಲ್."

"ಗಾಡಿ ನನ್ನೊಬ್ಬನ ಕೈಯಾಗ ಇತ್ತಲ್ಲವಾ. ಮತ್ಯಾರು ಬದಲಾಯಸ್ತಾರ?"

ಆ ಕಡೆ ಅಂಟುಪಟ್ಟಿ ಎಳೆದು ಪೆಟ್ಟಿಗೆ ಮುಚ್ಚುವ ಸದ್ದು ಕೇಳುತ್ತಿತ್ತು.

"ಆತು," ಎಂದರು. "ನೀ ಕಲತಾಕಿ. ಬರದದ್ದ ಬರದಿ."

ಆಗಸ್ಟ್ ಕೊನೆಯ ವಾರ ಕಾರು ಹೋಯಿತು. ಬೇರೆ ಯಾರಿಗಾದರೂ ಕೊಡೋಣವೆಂದು ಮಗಳು ಜಾಹೀರಾತು ಹಾಕಿದ್ದರಂತೆ. ಕೊಳ್ಳಲು ಬಂದ ಹವ್ಯಾಸಿಯೊಬ್ಬ ಸಂಗ್ರಹಾಲಯಕ್ಕೆ ಫೋನ್ ಮಾಡಿ, ವರದಿಯಲ್ಲಿ ಏನಿದೆ ಎಂದು ಕೇಳಿ ಹಿಂದೆ ಸರಿದನಂತೆ. ಮನೆಯ ಕೀಲಿಕೈ ಒಪ್ಪಿಸಬೇಕಾದ ದಿನದ ಹಿಂದಿನ ಬೆಳಿಗ್ಗೆ ಗುಜರಿಯವರ ಟ್ರಕ್ಕು ಬಂತು. ಅಂಕಲ್ ಇನ್ನೊಂದು ವಾರ ಕಾಯಲು ಕೇಳಿದರಂತೆ. "ಡ್ಯಾಡ್, ವಿ ಟಾಕ್ಡ್ ಅಬೌಟ್ ದಿಸ್," ಎಂದರಂತೆ ಮಗಳು. ಇದನ್ನೆಲ್ಲ ನನಗೆ ಆಮೇಲೆ ಹೇಳಿದವರು ಆಂಟಿ. ನಾನು ಅಲ್ಲಿರಲಿಲ್ಲ. ಪ್ರದರ್ಶನಕ್ಕೆ ಒಹಾಯೋದಿಂದ ಇನ್ನೊಂದು ನಾಲ್ಕು ಬಾಗಿಲಿನ ಕಾರು ಸಿಕ್ಕಿತ್ತು. ತಗಡು, ಪಟ್ಟಿ, ಹಾಳೆ ಮೂರೂ ಒಂದಕ್ಕೊಂದು ಒಪ್ಪುವಂಥದು. ಅದರ ಮೊದಲ ಚೌಕಕ್ಕೆ ಗುರುತು ಹಾಕುತ್ತಿದ್ದೆ.

ನವರಾತ್ರಿಯ ಒಂದು ಶನಿವಾರ ಬೆಳಿಗ್ಗೆ ಆಂಟಿಯ ಫೋನ್ ಬಂತು. ಅದಕ್ಕೆ ಮೊದಲು ಅವರು ನನಗೆ ಎಂದೂ ಫೋನ್ ಮಾಡಿರಲಿಲ್ಲ.

"ಏನವಾ ತಂಗಿ, ಅವತ್ತ ಗರಾಜಿನ್ಯಾಗ ಸೀಟು ಎತ್ತಿ ಏನೋ ಹುಡುಕಲಿಕ್ಕತ್ತಿದ್ರೆಲ್ಲ. ಅದು ಕಾಗದ ಏನು?"

ನಾನು ಕುರ್ಚಿಯಿಂದ ಎದ್ದು ನಿಂತೆ.

"ಹೌದು ಆಂಟಿ. ಉದ್ದದ್ದು."

"ಇಲ್ಲೊಂದು ಅದ, ನೋಡು. ಮಗಳ ಮನ್ಯಾಗ ದೇವರ ಹೊಂದಸಲಿಕ್ಕತ್ತಿದ್ದೆ. ಸರಸ್ವತಿ ಫೋಟೋದ ಹಿಂದ, ಬಟ್ಟಿ ಕೆಳಗ ಇತ್ತು. ನಾನ ಇಟ್ಟಿದ್ದೆ. ಗಾಡಿ ಹೊಸದಿದ್ದಾಗ ಹುಡುಗಿ ಹಿಂದಿನ ಸೀಟಿನ ಮ್ಯಾಲೆ ಮಜ್ಜಿಗಿ ಚೆಲ್ಲಿದ್ಲು. ಆಯುಧಪೂಜಿ ಮುಂದ ತೊಳೀಬೇಕಂತ ಸೀಟು ಎತ್ತಿದೆ, ಒಳಗ ಈ ಕಾಗದ. ತುಂಬ ಅಕ್ಷರ ಬರದಾರ. ಅಕ್ಷರದ ಮ್ಯಾಲೆ ಕುಂಡ್ರಬಾರದಲ್ಲವಾ. ಅದಕ್ಕ ತಗದು ದೇವರ ಹತ್ರ ಇಟ್ಟೆ."

ಆ ದಿನವೇ ಹೊರಟೆ. ದಾರಿಯಲ್ಲಿ, ಕಲಮಜೂ ಊರು ದಾಟಿ ಹೆದ್ದಾರಿಯ ಒಂದು ಎಕ್ಸಿಟ್‌ನಲ್ಲಿ ನಿಲ್ಲಿಸಿ, ಗುಜರಿಯವರಿಗೆ ಫೋನ್ ಮಾಡಿದೆ. ತಿಳಿ ನೀಲಿ, ನಾಲ್ಕು ಬಾಗಿಲು, ಲೊಂಬಾರ್ಡಿನಿಂದ ಬಂದದ್ದು ಎಂದೆ. ಆತ ತಾಳ್ಮೆಯಿಂದ ಹುಡುಕಿದ. ಬಂದ ವಾರವೇ ಜಜ್ಜುವ ಯಂತ್ರಕ್ಕೆ ಹೋಗಿದೆ, ಎಂದ. ಎಂಜಿನ್? ಅದೂ ಜೊತೆಗೇ.

ಡೌನರ್ಸ್ ಗ್ರೋವ್‌ನ ಆ ಮನೆಯಲ್ಲಿ ದೇವರಿಗೆ ಅಡುಗೆಮನೆಯ ಪಕ್ಕದ ಒಂದು ಕಪಾಟಿನ ಭಾಗ ಸಿಕ್ಕಿತ್ತು. ಈ ಸಲ ನಾನು ಚಪ್ಪಲಿ ಬಿಟ್ಟು ಅದರ ಮುಂದೆ ಕುಳಿತೆ. ಆಂಟಿ ಎರಡೂ ಕೈಯಲ್ಲಿ ಹಿಡಿದು ಹಾಳೆ ಕೊಟ್ಟರು. ಮಡಿಕೆಗಳು ಕಂದಾಗಿದ್ದವು, ಒಂದು ಮೂಲೆಗೆ ಅರಿಸಿನ ಹತ್ತಿತ್ತು. ಮೇಲ್ಗಡೆ ನಾನು ಗರಾಜಿನಲ್ಲಿ ಎರಡು ಸಲ ಬರೆದುಕೊಂಡಿದ್ದ ತಗಡಿನ ಸಂಖ್ಯೆಯೇ ಇತ್ತು. ನಡುವಿನಲ್ಲಿ ಎಂಜಿನ್ನಿನ ಸಂಕೇತವನ್ನು ನೀಲಿ ಬಾಲ್ ಪೆನ್ನಿನಿಂದ ಹೊಡೆದುಹಾಕಿ, ಮೇಲೆ ಇನ್ನೊಂದನ್ನು ಬರೆದಿದ್ದರು. ಪಕ್ಕದಲ್ಲಿ ಮೇಸ್ತ್ರಿಯ ಸಹಿ. ಅದರ ಕೆಳಗೆ ದುಂಡನೆಯ ಮುದ್ರೆ, ಒಳಗೆ ನಲವತ್ತೊಂದು.

ಅಂಕಲ್ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ನಂದ," ಎಂದರು. ಕನ್ನಡಕ ತೆಗೆದು ಹೆಂಡತಿಯ ಕಡೆ ತಿರುಗಿದರು. "ಒಂದ ಮಾತ ಹೇಳಬಾರದಿತ್ತೇನ?"

"ಒಂದ ಮಾತ ಕೇಳಬಾರದಿತ್ತೇನ?" ಎಂದರು ಆಂಟಿ. ದನಿ ಏರಿಸಲಿಲ್ಲ. "ನಾನ ಬಂದು ಕೇಳಿದೆ, ಏನ ಹುಡುಕಲಿಕ್ಕತ್ತೀರಿ ಅಂತ. ನೀವು ಚಹಾ ತಾ ಅಂದ್ರಿ. ಈಕಿ ಏನಿಲ್ಲ ಆಂಟಿ ಅಂದ್ಲು. ಏನಿಲ್ಲಂದ್ರ ನಾ ಏನ ಕೊಡಲಿ?"

ಕ್ಷಮೆ ಕೇಳಿದೆ. ಕ್ಷಮೆಯ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಅವು ವರದಿಯ ವಾಕ್ಯಗಳಂತೆಯೇ ಇದ್ದವು. ಅಂಕಲ್, "ಇರಲಿ, ಇರಲಿ," ಎಂದು ಎದ್ದು ಕಿಟಕಿಯ ಹತ್ತಿರ ಹೋದರು. ಆಂಟಿ ಅವಲಕ್ಕಿಯ ತಟ್ಟೆ ತಂದಿಟ್ಟರು.

ಹಾಳೆಯನ್ನು ಸಂಗ್ರಹಾಲಯಕ್ಕೆ ಕೊಡುವಿರಾ ಎಂದು ಕೇಳಿದೆ. ಅಂಕಲ್ ಏನೋ ಹೇಳಲು ಬಾಯಿ ತೆರೆದರು. ಈ ಸಲ ನಾನು ಆಂಟಿಯ ಕಡೆ ತಿರುಗಿ ಕೇಳಿದ್ದೆ.

"ಇಲ್ಲವಾ. ಇಷ್ಟ ವರ್ಷ ದೇವರ ಹತ್ರ ಇದ್ದದ್ದು ಇಲ್ಲೇ ಇರಲಿ. ನೀ ಬೇಕಾದ್ರ ಫೋಟೋ ತಗೋ."

ಫೋಟೋ ತೆಗೆದುಕೊಂಡೆ. ಎರಡೂ ಬದಿಯನ್ನು, ಅಳತೆಪಟ್ಟಿಯ ಸಮೇತ.

ಮೇಲ್ವಿಚಾರಕಿ ಫೋಟೋಗಳಲ್ಲಿದ್ದ ಸಂಖ್ಯೆಯನ್ನು ನನ್ನ ವರದಿಯೊಡನೆ ತಾಳೆ ನೋಡಿದರು. ಕೊನೆಗೆ, ಕಾರಿಲ್ಲದೆ ಹಾಳೆಯೊಂದನ್ನು ಪ್ರದರ್ಶಿಸಲಾಗದು, ಆದರೆ ಗೋಡೆಯ ಮೇಲಿನ ಕೋಷ್ಟಕಕ್ಕೆ ಒಂದು ಸಾಲು ಸೇರಿಸಬಹುದು ಎಂದರು. ಆ ಸಾಲು ಬರೆದೆ. ಬಾಗಿಲು: ನಾಲ್ಕು. ಎಂಜಿನ್: ಎರಡು ಲೀಟರ್. ಆಧಾರ: ಕಾರ್ಖಾನೆಯ ಹಾಳೆ, ಕಾಪಾಡಿದವರು ಮಾಲೀಕರ ಪತ್ನಿ. ಉಳಿದಿರುವ ಕಾರುಗಳು: ತಿಳಿದಂತೆ ಇಲ್ಲ, ಕಳೆದ ಆಗಸ್ಟ್‌ವರೆಗೆ ಒಂದು ಇತ್ತು. ನಷ್ಟದ ಕಾರಣ: ತಪ್ಪು ತಪಾಸಣಾ ವರದಿ.

ಕೊನೆಯ ಅಂಕಣವನ್ನು "ಗುಜರಿಗೆ ಹೋಯಿತು" ಎಂದು ತಿದ್ದೋಣ ಎಂದರು ಮೇಲ್ವಿಚಾರಕಿ. ಅವರದು ಕರುಣೆ. ನನ್ನ ಕಚೇರಿಗೂ ಅದೇ ಅನುಕೂಲವಿತ್ತು. ನಾನು ಐದನೆಯ ಪತ್ರ ಬರೆದೆ. ತುಕ್ಕು, ಅಪಘಾತ, ಬೆಲ್ಟು ಎಂಬ ಮಾತುಗಳ ಕೆಳಗೆ ಆ ಮೂರು ಪದಗಳು ಈಗ ಅದೇ ಅಕ್ಷರ ಗಾತ್ರದಲ್ಲಿವೆ.

ನವೆಂಬರಿನಲ್ಲಿ ಪ್ರದರ್ಶನ ತೆರೆದ ಮೇಲೆ ಮಗಳು ಇಬ್ಬರನ್ನೂ ಕರೆತಂದಿದ್ದರು. ಕಾರ್ಮಿಕರ ಫಲಕದ ಮುಂದೆ ಅಂಕಲ್ ಚಿತ್ರಗಳಲ್ಲಿದ್ದ ಮುಖಗಳನ್ನು ಹುಡುಕುತ್ತ ಬಹಳ ಹೊತ್ತು ನಿಂತರು. ಕೋಷ್ಟಕದ ಹತ್ತಿರ ಬಂದಾಗ ನಾನು ಆ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವರು ಬೆರಳಿನಿಂದ ಸಾಲಿನುದ್ದಕ್ಕೂ ಗೆರೆ ಎಳೆದಂತೆ ಮಾಡಿದರು. ಕೊನೆಯ ಅಂಕಣಕ್ಕೆ ಬಂದು ಕೈ ತೆಗೆದರು.

"ಸರಿ ಅದ," ಎಂದರು.

ಆಂಟಿ ಒಹಾಯೋದ ಕಾರಿನ ಕಿಟಕಿಯಿಂದ ಒಳಗೆ, ಹಿಂದಿನ ಸೀಟಿನ ಕಡೆ ನೋಡುತ್ತಿದ್ದರು. ಹಗ್ಗ ದಾಟಬಾರದೆಂದು ಕಾವಲಿನವನು ಹೇಳುತ್ತಿದ್ದ.

"ಆಂಟಿ, ಈ ಕಾರಿನ ಬಗ್ಗೆ ನಾನು ಬರೀದೆ ಬಿಟ್ಟಿರೋದು ಏನಾದ್ರೂ ಇದೆಯಾ?" ಎಂದು ಕೇಳಿದೆ.

ಅವರು ಯೋಚಿಸಿದರು.

"ಹಿಂದ ಕಾಲಿಗೆ ಜಾಗ ಭಾಳ ಇತ್ತು. ನಮ್ಮತ್ತಿ ಊರಿಂದ ಬಂದಾಗ ಕಾಲ ಚಾಚಿ ಕುಂಡ್ರತಿದ್ರು. ಹುಡುಗಿ ಅವರ ಕಾಲ ಮ್ಯಾಲೆ ಮಲಗತಿದ್ಲು. ಮುಂದ ಕುಂತವರಿಗೆ ಅದು ಗೊತ್ತಾಗತಿದ್ದಿಲ್ಲ," ಎಂದರು. "ಅದನ್ನೂ ಬರಿ."

ಕೋಷ್ಟಕದಲ್ಲಿ ಅದಕ್ಕೆ ಅಂಕಣವಿಲ್ಲ. ಇಲ್ಲಿ ಬರೆದಿದ್ದೇನೆ.